ಬೋರಲಿಂಗಯ್ಯ ಒಪ್ಪಿಸಿದ ಜಾಯ್‌ಸ್ಟಿಕ್

ನಮ್ಮ ಊರಿನಲ್ಲಿ ಹಳೆಯ ವಸ್ತುವನ್ನು ಮಾರುವವರು ಅದರ ಜೊತೆಗೆ ಅದರ ಮಾತನ್ನೂ ಒಪ್ಪಿಸಬೇಕು. ಯಾಕೆ ಕೊಂಡೆವು, ಅದನ್ನಿಟ್ಟುಕೊಂಡು ಏನು ಮಾಡಿದೆವು, ಈಗ ಯಾಕೆ ಬಿಡುತ್ತಿದ್ದೇವೆ ಎಂಬುದನ್ನು ಕೊಳ್ಳುವವರ ಎದುರು ಕೂತು ಇದ್ದದ್ದು ಇದ್ದ ಹಾಗೆ ಹೇಳಬೇಕು. ಹೇಳದಿದ್ದರೆ ವಸ್ತು ಹೊಸಬರ ಕೈಯಲ್ಲಿ ನಡೆಯುವುದಿಲ್ಲ. ಕುಕ್ಕರ್ ಕೂಗುವುದಿಲ್ಲ, ಹೊಲಿಗೆ ಯಂತ್ರ ದಾರ ಹಿಡಿಯುವುದಿಲ್ಲ, ಸೈಕಲ್ಲಿನ ಪೆಡಲನ್ನು ಎಷ್ಟು ತುಳಿದರೂ ಚಕ್ರ ತಿರುಗುವುದಿಲ್ಲ. ಹಳೇ ಸಾಮಾನಿನ ಪೇಟೆಯಲ್ಲಿ ತಗಡಿನ ಚಪ್ಪರದ ಕೆಳಗೆ ಇದಕ್ಕೆಂದೇ ಎದುರುಬದುರು ಬೆಂಚು ಹಾಕಿದ್ದಾರೆ. ಅಲ್ಲಿ ಕೂತವರು ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ದಾಟಿ ಹೋಗುವವರು ಕಿವಿ ಕೊಡುವುದಿಲ್ಲ. ಕೊಂಡವರು ತಾವು ಕೇಳಿದ್ದನ್ನು ತಮ್ಮ ಮನೆಯ ಹೊಸಿಲು ದಾಟಿಸುವುದಿಲ್ಲ. ಹೇಳಲಾರದವರು ಮಾರುವುದೇ ಇಲ್ಲ. ಅಂಥವರ ಹಿತ್ತಲಲ್ಲಿ ಮಂಚಗಳು, ತೊಟ್ಟಿಲುಗಳು ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತ ಬಿದ್ದಿರುತ್ತವೆ. ಅವನ್ನು ಕಂಡವರು ಏನೂ ಕೇಳುವುದಿಲ್ಲ.

ನಾನು ಈ ಊರಿಗೆ ಬಂದದ್ದು ಛಾಪಖಾನೆಯ ಕೆಲಸಕ್ಕೆ. ಕರಡು ತಿದ್ದುವುದು ನನ್ನ ಕಸುಬು. ಮೂವತ್ತು ವರ್ಷ ಬೇರೆಯವರ ಅಕ್ಷರಗಳನ್ನು ಗಟ್ಟಿಯಾಗಿ ಓದಿದ್ದೇನೆ, ಅಲ್ಪವಿರಾಮವನ್ನೂ ಬಿಡದೆ. ನನ್ನ ಹೆಂಡತಿ ಇಂದುಮತಿ ಬೇರೆ ಊರಿನ ಒಂದು ವಿಮಾನ ತರಬೇತಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಪಾಠ ಹೇಳಿದವಳು. ಎರಡೇ ಆಸನದ ಪುಟ್ಟ ವಿಮಾನದಲ್ಲಿ ಕಲಿಯುವವರ ಪಕ್ಕ ಕೂತು ಅವರ ಕೈ ಹದ ಮಾಡಿದವಳು. ಐವತ್ತೆರಡು ತುಂಬುವ ಹೊತ್ತಿಗೆ ಅವಳ ದೃಷ್ಟಿ ಅಂಚಿನಿಂದ ಒಳಕ್ಕೆ ಸವೆಯತೊಡಗಿತು. ಮೊದಲು ಲೈಸೆನ್ಸ್ ಹೋಯಿತು. ಆಮೇಲೆ ರಸ್ತೆ ದಾಟುವುದು ಹೋಯಿತು. ಇನ್ನು ಆರೇಳು ತಿಂಗಳೊಳಗೆ ನೆರಳು ಬೆಳಕು ಬಿಟ್ಟು ಬೇರೇನೂ ಉಳಿಯದು ಎಂದು ಡಾಕ್ಟರು ಹೇಳಿದ ದಿನ ಅವಳು ಅಳಲಿಲ್ಲ. ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತು ವಿಮಾನ ಹಾರಿಸುವ ಆಟವನ್ನು ತೆರೆದಳು.

ಆಟ ಎಂದದ್ದು ನನ್ನ ಮಾತು. ಅವಳು ಹಾಗೆನ್ನುವುದಿಲ್ಲ. ಆ ತೆರೆಯೊಳಗಿನ ವಿಮಾನಕ್ಕೂ ನಿಜದ್ದಕ್ಕೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲವಂತೆ. ಆದರೆ ಕೈಯಲ್ಲಿದ್ದ ಜಾಯ್‌ಸ್ಟಿಕ್ಕನ್ನು, ವಿಮಾನ ನಡೆಸುವ ಆ ಹಿಡಿಕೋಲನ್ನು, ಅವಳು ಮೇಜಿನ ಮೇಲೆ ದೂಡಿಬಿಟ್ಟಳು. “ಇದ್ರೊಳಗೆ ಬರೀ ಸ್ಪ್ರಿಂಗ್ ಇರೋದು ರೀ. ಬಿಟ್ರೆ ನಡುವಿಗೆ ಬಂದು ನಿಲ್ಲುತ್ತೆ, ಅಷ್ಟೇ. ಇದ್ರಲ್ಲಿ ಗಾಳಿ ಇಲ್ಲ,” ಎಂದಳು. ಒಳಗೆ ಮೋಟಾರು ಕೂರಿಸಿದ ಬೇರೊಂದು ಜಾತಿಯ ಜಾಯ್‌ಸ್ಟಿಕ್ ಇದೆಯಂತೆ. ಫೋರ್ಸ್ ಫೀಡ್‌ಬ್ಯಾಕ್ ಎನ್ನುತ್ತಾರೆ. ವಿಮಾನದ ವೇಗ ಏರಿದರೆ ಅದು ಕೈಯಲ್ಲಿ ಬಿಗಿಯಾಗುತ್ತದೆ, ವೇಗ ಇಳಿದರೆ ಸಡಿಲವಾಗುತ್ತದೆ. ರೆಕ್ಕೆ ಇನ್ನೇನು ಗಾಳಿಯ ಹಿಡಿತ ತಪ್ಪಿಸಿಕೊಳ್ಳುತ್ತದೆ ಎನ್ನುವ ಮುಂಚೆ ಗಡಗಡ ನಡುಗುತ್ತದೆ. “ಅದೊಂದಿದ್ರೆ ಕಣ್ಣು ಹೋದ್ಮೇಲೂ ನಾನು ಹಾರ್ತೀನಿ. ನೀವು ಪಕ್ಕದಲ್ಲಿ ಕೂತು ಎತ್ತರ, ವೇಗ ಓದಿ ಹೇಳಿದ್ರೆ ಸಾಕು. ಆದ್ರೆ ಈಗ್ಲೇ ಬೇಕು. ಇನ್ನೂ ಚೂರು ಕಾಣೋವಾಗ್ಲೇ ಕೈಗೂ ಕಣ್ಣಿಗೂ ಪರಿಚಯ ಮಾಡಿಸ್ಬೇಕು. ಪೂರ್ತಿ ಹೋದ್ಮೇಲೆ ಬಂದ್ರೆ ಪ್ರಯೋಜನ ಇಲ್ಲ.”

ಅಂಥದ್ದನ್ನು ಈಗ ಮಾಡುವವರು ಕಡಿಮೆ, ನಮ್ಮೂರ ಅಂಗಡಿಗಳಿಗಂತೂ ಬರುವುದಿಲ್ಲ. ಎರಡು ತಿಂಗಳು ನಾನು ಹಳೇ ಸಾಮಾನಿನ ಪೇಟೆಗೆ ಎಡತಾಕಿದೆ. ಕೊನೆಗೊಂದು ದಿನ ಬೆಂಚುಗಳ ಹಿಂದಿನ ಹಲಗೆಯಲ್ಲಿ ನೀಲಿ ಶಾಯಿಯ ಚೀಟಿ ಕಂಡಿತು. ‘ವಿಮಾನದ ಜಾಯ್‌ಸ್ಟಿಕ್. ಮೋಟಾರು ಸರಿಯಿದೆ. ಬೆಂಚಿಗೆ ಬರುವುದಿಲ್ಲ, ಮನೆಗೇ ಬರತಕ್ಕದ್ದು.’ ಕೆಳಗೆ ಬೋರಲಿಂಗಯ್ಯ, ಪಂಪ್‌ಹೌಸ್ ಬೀದಿ ಎಂದಿತ್ತು.

ಬೋರಲಿಂಗಯ್ಯನವರು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಎತ್ತರದ ಆಳು. ಮಾತು ಕಡಿಮೆ. ನಡುಮನೆಯ ಮೇಜಿನ ಮೇಲೆ ಕಂಪ್ಯೂಟರಿತ್ತು, ಅದರ ಮುಂದೆ ಆ ಜಾಯ್‌ಸ್ಟಿಕ್. ಇಂದುಮತಿ ಕೈಯಿಂದಲೇ ಅದನ್ನು ನೋಡಿದಳು. ತಳ ಭಾರವಾಗಿತ್ತು. ಹಿಡಿಯ ರಬ್ಬರು ಹಳತಾಗಿ ಅಂಟಂಟಾಗಿತ್ತು, ಹೆಬ್ಬೆರಳು ಕೂರುವ ಜಾಗದಲ್ಲಿ ಸವೆದು ನುಣುಪಾಗಿತ್ತು. ಬೋರಲಿಂಗಯ್ಯನವರು ತಾವೇ ಅದನ್ನು ಚಾಲೂ ಮಾಡಿ ಹಿಡಿದು ತೋರಿಸಿದರು. ಒಳಗಿನ ಮೋಟಾರು ಜೇನುಗೂಡಿನ ಹಾಗೆ ಗುಂಯ್‌ಗುಟ್ಟಿತು.

“ತುಂಬಾ ಹಾರಿದೀರಿ ಇದರಲ್ಲಿ,” ಎಂದಳು ಇಂದುಮತಿ.

“ಹೂಂ ತಾಯಿ. ರಿಟೈರಾದ್ಮೇಲೆ ಹೊತ್ತು ಹೋಗ್ಬೇಕಲ್ಲ. ಹೊತ್ತು ಕಳೆಯೋಕೆ ಅಂತ ತಗೊಂಡೆ. ಈಗ ಸಾಕು ಅನ್ನಿಸ್ತು,” ಎಂದರು ಅವರು. ಅಷ್ಟೇ ಅವರ ಒಪ್ಪಿಸುವ ಮಾತು. ಒಳಗಿನಿಂದ ಅವರ ಹೆಂಡತಿ ಸಾಕಮ್ಮನವರು ಕಾಫಿ ತಂದವರು ಆ ಮಾತು ಕೇಳಿ ಗಂಡನ ಮುಖವನ್ನೊಮ್ಮೆ ನೋಡಿದರು.

ಮನೆಗೆ ತಂದು ತಂತಿ ಸಿಕ್ಕಿಸಿದೆವು. ದೀಪ ಕೂಡ ಹತ್ತಲಿಲ್ಲ. ನಮ್ಮೂರಿನಲ್ಲಿ ಇದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಮೊದಲ ಸಲಕ್ಕೇ ಪೂರಾ ಮಾತು ಒಪ್ಪಿಸುವವರು ಹತ್ತರಲ್ಲಿ ಮೂವರಿದ್ದಾರೇನೋ. ವಸ್ತುವನ್ನು ಹೊತ್ತುಕೊಂಡು ಮತ್ತೆ ಹೋಗಬೇಕು, ‘ನಡೀತಾ ಇಲ್ಲ’ ಎನ್ನಬೇಕು, ಮಾರಿದವರು ತಲೆ ತಗ್ಗಿಸಿ ಮತ್ತೆ ಕೂರಬೇಕು. ಇದೇ ವಾಡಿಕೆ. ನಾಲ್ಕು ದಿನ ಬಿಟ್ಟು ಹೋದೆವು.

ಈ ಸಲ ಸಾಕಮ್ಮನವರೂ ಬಂದು ಗೋಡೆಗೊರಗಿ ಕೂತರು. ಬೋರಲಿಂಗಯ್ಯನವರು ಬಹಳ ಹೊತ್ತು ತಮ್ಮ ಅಂಗೈ ನೋಡುತ್ತಿದ್ದು, ಆಮೇಲೆ ಹೇಳಿದರು. ಅವರಿಗೆ ಒಬ್ಬನೇ ಮಗ, ಲೋಹಿತ್. ಹೊಲಗಳ ಮೇಲೆ ಔಷಧಿ ಸಿಂಪಡಿಸುವ ಸಣ್ಣ ವಿಮಾನದ ಪೈಲಟ್. ಆರು ವರ್ಷದ ಹಿಂದೆ, ಹತ್ತಿಗೆ ಹುಳ ಬಿದ್ದು ಎಲ್ಲೆಲ್ಲೂ ಕರೆಯುತ್ತಿದ್ದ ಕಾಲದಲ್ಲಿ, ಹೊಲದ ಕೊನೆಯ ಮರ ದಾಟಲು ಮೇಲೆದ್ದು ಹಿಂದಕ್ಕೆ ತಿರುಗುವಾಗ ಅವನ ವಿಮಾನ ಬಿದ್ದಿತು. ಇಪ್ಪತ್ತಾರು ವರ್ಷ ಅವನಿಗೆ. ವಿಚಾರಣೆ ನಡೆಸಿದವರು ಪೈಲಟನ ಅಜಾಗರೂಕತೆ ಎಂದು ಬರೆದರು.

“ಹದಿನೇಳನೇ ಪುಟ,” ಎಂದರು ಸಾಕಮ್ಮನವರು. ಎದ್ದು ಹೋಗಿ ಆ ವರದಿಯನ್ನೇ ತಂದು ನನ್ನ ಕೈಗಿಟ್ಟರು. “ನೋಡಣ್ಣ, ನೀನು ಅಕ್ಷರ ತಿದ್ದೋನಂತೆ. ಸತ್ತೋನ ಹೆಸರೂ ಸರಿಯಾಗಿ ಬರೀಲಿಲ್ಲ ಅವರು.” ಮೂರು ಕಡೆ ರೋಹಿತ್ ಎಂದು ಅಚ್ಚಾಗಿತ್ತು. ಮೂರನ್ನೂ ಅವರು ನೀಲಿ ಪೆನ್ನಿನಿಂದ ತಿದ್ದಿದ್ದರು. ನಾನು ತಿದ್ದಿದ್ದರೂ ಅದಕ್ಕಿಂತ ಚೊಕ್ಕವಾಗಿ ತಿದ್ದಲಾಗುತ್ತಿರಲಿಲ್ಲ.

“ಹೆಸರು ನೆಟ್ಟಗೆ ಬರೀದೋರು ಕಾರಣ ನೆಟ್ಟಗೆ ಬರೀತಾರಾ?” ಎಂದು ಸಾಕಮ್ಮನವರು ಮುಂದುವರಿಸಿದರು. “ವಿಮಾನದಲ್ಲೇ ಏನೋ ಐಬಿತ್ತು. ಅದಕ್ಕೇ ಇವರು ಈ ಯಂತ್ರ ತಂದ್ರು. ಆ ಹೊಲ, ಆ ಮರ, ಆ ವಿಮಾನ ಎಲ್ಲಾನೂ ಇದರೊಳಗೆ ಕೂರಿಸ್ಕೊಂಡು ದಿನಾ ಬೆಳಿಗ್ಗೆ ಕಾಫಿ ಕುಡಿದು ಕೂತ್ರೆ ಊಟದ ಹೊತ್ತಿಗೇ ಏಳ್ತಿದ್ದದ್ದು. ಆರು ವರ್ಷ. ಆ ಐಬು ಏನು ಅಂತ ಹುಡುಕಿದ್ರು ಕಣಮ್ಮ. ಸಿಗ್ಲಿಲ್ಲ.”

ಬೋರಲಿಂಗಯ್ಯನವರು ಹೌದೆನ್ನುವಂತೆ ತಲೆಯಾಡಿಸಿದರು. ಇಂದುಮತಿ ಸಾಕಮ್ಮನವರ ಕೈ ಹಿಡಿದು ಸ್ವಲ್ಪ ಹೊತ್ತು ಕೂತಳು. ನಾವು ಭಾರವಾದ ಮನಸ್ಸಿನಿಂದ ಮನೆಗೆ ಬಂದೆವು. ತಂತಿ ಸಿಕ್ಕಿಸಿದಾಗ ದೀಪ ಹತ್ತಿತು. ಹಿಡಿ ಅಲುಗಾಡಿಸಿದರೆ ತೆರೆಯ ಮೇಲೆ ವಿಮಾನವೂ ಅಲುಗಾಡಿತು. ಆದರೆ ಮೋಟಾರು ಸದ್ದು ಮಾಡಲಿಲ್ಲ. ಕೋಲು ಕತ್ತು ಮುರಿದ ಕೋಳಿಯ ಹಾಗೆ ಅತ್ತಿಂದಿತ್ತ ವಾಲುತ್ತಿತ್ತು. ಅರ್ಧ ಒಪ್ಪಿಸಿದ ವಸ್ತು ಅರ್ಧವೇ ನಡೆಯುತ್ತದೆ.

“ಇನ್ನೂ ಏನೋ ಇದೆ,” ಎಂದೆ ನಾನು.

“ಇರ್ಲಿ ಬಿಡಿ. ಮಗನ ಸಾವಿಗಿಂತ ಆಚೆಗೆ ಏನಾದ್ರೂ ಇದ್ರೆ ಅದು ಅವರ ಹತ್ರಾನೇ ಇರ್ಲಿ. ಆ ಮನುಷ್ಯನ್ನ ಇನ್ನೂ ಹಿಂಡೋದು ಬೇಡ. ವಾಪಸ್ ಕೊಟ್ಟು ಬಂದುಬಿಡಿ,” ಎಂದಳು ಇಂದುಮತಿ.

ಅವಳು ಹಾಗೆಂದು ಹೇಳಿ ಅಡುಗೆಮನೆಗೆ ಹೋದಳು. ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಂಡಳು. ಹಿಂದಿನ ತಿಂಗಳು ಆ ಚೌಕಟ್ಟು ಅವಳಿಗೆ ಕಾಣುತ್ತಿತ್ತು. ನನಗೆ ಅದೊಂದೇ ಸಾಕಾಯಿತು. ಮರುದಿನ ಮಧ್ಯಾಹ್ನ ಅವಳಿಗೆ ಛಾಪಖಾನೆಗೆ ಹೋಗುತ್ತೇನೆಂದು ಹೇಳಿ ಪಂಪ್‌ಹೌಸಿನ ದಾರಿ ಹಿಡಿದೆ. ಬೋರಲಿಂಗಯ್ಯನವರು ನಿವೃತ್ತರಾದ ಮೇಲೂ ದಿನಾ ಮೂರು ಗಂಟೆಗೆ ಅಲ್ಲಿಗೆ ನಡೆದು ಹೋಗಿ, ಹೊರಗಿನ ಸಿಮೆಂಟು ಕಟ್ಟೆಯ ಮೇಲೆ ಕೂತು ಪಂಪಿನ ಸದ್ದು ಕೇಳಿ ಬರುತ್ತಾರೆಂದು ಸಾಕಮ್ಮನವರೇ ಹೇಳಿದ್ದರು.

ಅವರು ನನ್ನನ್ನು ಕಂಡ ಕೂಡಲೇ ಅರ್ಥ ಮಾಡಿಕೊಂಡರು. “ನಡೀತಿಲ್ವಾ ಸ್ವಾಮಿ?” ಎಂದರು.

“ಅರ್ಧ ನಡೀತಿದೆ,” ಎಂದೆ.

“ಹಣ ವಾಪಸ್ ಕೊಡ್ತೀನಿ. ಯಂತ್ರಾನ ಹಿತ್ತಲಿಗೆ ಎಸೀತೀನಿ.”

ಆಗ ನಾನೊಂದು ಮಾತು ಆಡಿದೆ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. “ನನ್ನ ಹೆಂಡತಿಗೆ ಇನ್ನು ನಾಲ್ಕು ತಿಂಗಳು ಕಣ್ಣಿರುತ್ತೆ, ಬೋರಲಿಂಗಯ್ಯನವರೇ. ನೀವು ಹೇಳದೆ ಉಳಿಸಿಕೊಂಡ ಒಂದು ಮಾತಿಗೆ ಅವಳು ದಂಡ ಕಟ್ಟಬೇಕಾ?” ಎಂದೆ. ಅವರು ಮುಖ ಆ ಕಡೆ ತಿರುಗಿಸಿದರು. ನಾನು ಏಳಲಿಲ್ಲ. ಎದ್ದು ಹೋಗಬೇಕಿತ್ತು, ಏಳಲಿಲ್ಲ.

ಒಪ್ಪಿಸಿದ ಮಾತನ್ನು ಹೊರಗೆ ಆಡಬಾರದು ಎಂದು ಮೊದಲೇ ಹೇಳಿದೆ. ಇಲ್ಲಿ ಬರೆಯುತ್ತಿರುವುದನ್ನು, ಕೇಳಬೇಕಾದವರನ್ನು ಕೇಳಿಯೇ ಬರೆಯುತ್ತಿದ್ದೇನೆ.

“ಅವತ್ತು ಬೆಳಿಗ್ಗೆ ಐದೂವರೆಗೆ ಫೋನ್ ಮಾಡಿದ್ದ,” ಎಂದು ಶುರು ಮಾಡಿದರು ಬೋರಲಿಂಗಯ್ಯನವರು. ದನಿ ಪಂಪಿನ ಸದ್ದಿನಲ್ಲಿ ಅರ್ಧ ಮುಳುಗುತ್ತಿತ್ತು. ನಾನು ಹತ್ತಿರ ಸರಿದೆ. “‘ಅಪ್ಪಾ, ನಾಲ್ಕು ದಿವ್ಸದಿಂದ ಬಿಡುವಿಲ್ಲ, ನಿದ್ದೆ ಇಲ್ಲ. ಕಣ್ಣು ತಾನಾಗೇ ಮುಚ್ಕೊಳ್ತವೆ. ಇವತ್ತು ಹಾರಲ್ಲ ಅಂತ ಹೇಳ್ಬಿಡ್ಲಾ?’ ಅಂದ. ಅವನು ನನ್ನ ಕೇಳೋ ಅಗತ್ಯ ಇರ್ಲಿಲ್ಲ ಸ್ವಾಮಿ. ಅವನ ಕೆಲಸ, ಅವನ ಮೈ. ಆದ್ರೂ ಕೇಳ್ದ. ನಾನು ಏನಂದೆ ಗೊತ್ತಾ? ‘ಮೂವತ್ತೊಂದು ವರ್ಷ ನಾನು ಒಂದಿನ ರಜ ಹಾಕ್ಲಿಲ್ಲ. ನಿಮ್ಮಜ್ಜಿ ಸತ್ತ ದಿವ್ಸಾನೂ ಊರಿಗೆ ನೀರು ಬಿಟ್ಟು ಬಂದೇ ಮಣ್ಣು ಮಾಡ್ದೆ. ನಾಲ್ಕು ದಿವ್ಸಕ್ಕೇ ಸುಸ್ತಾಯ್ತಾ ನಿಂಗೆ? ಮುಖ ತೊಳ್ಕೊಂಡು ಹೋಗು’ ಅಂದೆ. ‘ಸರಿ ಅಪ್ಪಾ’ ಅಂದ. ಇಷ್ಟೇ. ಒಂಬತ್ತು ಗಂಟೆಗೆ ಬಿದ್ದ.”

ಅವರು ನಿಲ್ಲಿಸಲಿಲ್ಲ. “ಆ ಫೋನಿನ ವಿಷಯ ಯಾರಿಗೂ ಹೇಳ್ಲಿಲ್ಲ. ವಿಚಾರಣೆಯೋರಿಗೆ ಹೇಳಿದ್ರೆ, ನಿದ್ದೆ ಇಲ್ದೋನ್ನ ಹಾರಿಸಿದ್ರಲ್ಲ ಅಂತ ಕಂಪನಿಯೋರನ್ನಾದ್ರೂ ಹಿಡೀತಿದ್ರು. ಅದನ್ನೂ ಮಾಡ್ಲಿಲ್ಲ. ಹೇಳಿದ್ರೆ ನಾನಂದ ಮಾತೂ ಹೊರಗೆ ಬರ್ತಿತ್ತಲ್ಲ. ವಿಮಾನದಲ್ಲಿ ಐಬಿದೆ, ಅದನ್ನ ಹುಡುಕ್ತೀನಿ ಅಂತ ಕೂತೆ. ನಾಲ್ಕು ವರ್ಷ ಹುಡುಕ್ದೆ. ಏನೂ ಇಲ್ಲ ಸ್ವಾಮಿ. ಆ ತಿರುವಿನಲ್ಲಿ ಪ್ರತಿ ಸಲಾನೂ ಕೋಲು ಮೊದಲೇ ನಡುಗಿ ಹೇಳುತ್ತೆ. ಎಚ್ಚರವಾಗಿರೋ ಕೈಯಾದ್ರೆ ಆಗ ಕೋಲನ್ನ ಮುಂದಕ್ಕೆ ಬಿಡುತ್ತೆ. ನನ್ನಂಥ ಮುದುಕನ ಕೈಗೇ ಗೊತ್ತಾಗ್ತಿತ್ತು. ಅವನು ಅಷ್ಟು ಚೆನ್ನಾಗಿ ಕಲಿತೋನು. ನಿದ್ದೆ ಮಾಡಿದ್ರೆ ಅವನಿಗೆ ಗೊತ್ತಾಗ್ತಿತ್ತು.”

“ಮತ್ತೆ ಇನ್ನೆರಡು ವರ್ಷ?” ಎಂದೆ.

“ಸುಮ್ನೆ ಕೂತು ಹಾರಿಸ್ತಿದ್ದೆ. ಎದ್ದುಬಿಟ್ರೆ ಅವಳು ಏನು ಸಿಕ್ತು ಅಂತ ಕೇಳ್ತಾಳೆ. ಹುಡುಕ್ತಾನೇ ಇದಾರೆ ಅಂದ್ಕೊಂಡಿರ್ಲಿ ಅಂತ ಕೂತಿರ್ತಿದ್ದೆ.” ಅವರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. “ಈಗ ಕೈಲಾಗ್ತಿಲ್ಲ. ಅದಕ್ಕೇ ಮಾರಿದ್ದು. ಎಲ್ಲಾನೂ ಒಪ್ಪಿಸಿದೀನಿ. ಇನ್ನೇನೂ ಉಳಿದಿಲ್ಲ. ಹೋಗಿ, ನಡೆಯುತ್ತೆ.”

ಮನೆಗೆ ಬಂದು ಇಂದುಮತಿಗೆ ನಾನು ಹೋಗಿದ್ದು ಎಲ್ಲಿಗೆ ಎಂದು ಹೇಳಿದೆ. ಅವಳು ಬೈಯಲಿಲ್ಲ, ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಸರಿಸಿದಳು. ಆದರೆ ಹಾರಿಸುವ ಕೈ ಅವಳದು. ಕೇಳಿದ ಮಾತು ಅವಳಿಗೂ ಸೇರಬೇಕು. ಕರಡು ಓದುವ ದನಿಯಲ್ಲಿ, ಒಂದು ಪದವೂ ಹೆಚ್ಚು ಕಡಿಮೆಯಾಗದಂತೆ ಒಪ್ಪಿಸಿದೆ. ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಮೋಟಾರು ತಾನಾಗಿ ಗುಂಯ್‌ಗುಟ್ಟಿತು. ವಾಲಿಕೊಂಡಿದ್ದ ಕೋಲು ನೆಟ್ಟಗೆ ಎದ್ದು ನಿಂತಿತು.

ಅವಳು ಕೂಡಲೇ ಅದನ್ನು ಮುಟ್ಟಲಿಲ್ಲ. ಎರಡು ದಿನ ಹಾಗೇ ಬಿಟ್ಟಳು. ಮೂರನೆಯ ದಿನ ಬೆಳಿಗ್ಗೆ ಕೂತು, ವಿಮಾನವನ್ನು ಎತ್ತಿ, ಸಾವಿರ ಅಡಿ ದಾಟಿದ ಮೇಲೆ “ಗಾಳಿ ರೀ,” ಎಂದಳು. ಮತ್ತೊಮ್ಮೆ, “ಇದು ಗಾಳಿ,” ಎಂದಳು. ಡಾಕ್ಟರ ಮುಂದೆ ಬಾರದ ಕಣ್ಣೀರು ಆಗ ಬಂತು. ಅಂದಿನಿಂದ ನಮ್ಮ ಬೆಳಗುಗಳು ಹಾಗೇ ಕಳೆದವು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಓದುವುದು, ಎತ್ತರ ಎರಡು ಸಾವಿರದ ನಾನೂರು, ವೇಗ ಎಂಬತ್ತು, ದಿಕ್ಕು ತೊಂಬತ್ತು. ಅವಳು ತೆರೆಗೆ ಮುಖ ಹತ್ತಿರ ತಂದು ನೋಡುವುದು, ಆಮೇಲೆ ಕಣ್ಣು ಮುಚ್ಚಿ ಅದನ್ನೇ ಕೈಯಿಂದ ಮಾಡುವುದು. ವಾರ ವಾರಕ್ಕೆ ಕಣ್ಣು ಮುಚ್ಚಿದ ಹೊತ್ತು ಹೆಚ್ಚಾಗುತ್ತ ಹೋಯಿತು. ಒಮ್ಮೊಮ್ಮೆ ಅವಳು ಮುಚ್ಚಿದ್ದಾಳೋ ತೆರೆದೇ ಇದ್ದಾಳೋ ನನಗೆ ತಿಳಿಯುತ್ತಿರಲಿಲ್ಲ.

ಎರಡು ತಿಂಗಳಾಗಿತ್ತು. ಒಂದು ದಿನ ಹತ್ತು ಗಂಟೆಯ ಸುಮಾರಿಗೆ ಬಾಗಿಲಲ್ಲಿ ಸಾಕಮ್ಮನವರು ನಿಂತಿದ್ದರು. ಕೈಯಲ್ಲಿ ಒಂದು ಕಟ್ಟು ನುಗ್ಗೆಕಾಯಿ. “ಈ ಕಡೆ ಬಂದಿದ್ದೆ,” ಎಂದರು. ಅವರ ಬೀದಿಯಿಂದ ನಮ್ಮದಕ್ಕೆ ಮೂರು ಮೈಲಿ, ಈ ಕಡೆಗೆ ಯಾರೂ ಸುಮ್ಮಸುಮ್ಮನೆ ಬರುವುದಿಲ್ಲ. ಒಳಗೆ ಮೋಟಾರು ಗುಂಯ್ ಎನ್ನುತ್ತಿತ್ತು. ಅವರು ಹೊಸಿಲ ಮೇಲೇ ನಿಂತು ಕೇಳಿಸಿಕೊಂಡರು. ಆರು ವರ್ಷ ಅಡುಗೆಮನೆಯಿಂದ ಕೇಳಿದ ಸದ್ದು ಅದು.

“ನಡೀತದೆ,” ಎಂದರು.

“ನಡೀತದೆ,” ಎಂದೆ ನಾನು. ಹೇಳಿದ ಮೇಲೆ ಆ ಒಂದು ಮಾತಿನಲ್ಲಿ ಎಷ್ಟು ಹೇಳಿಬಿಟ್ಟೆನೆಂದು ಹೊಳೆಯಿತು.

ಸಾಕಮ್ಮನವರು ಒಳಗೆ ಬಂದು ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ, ಲೋಟ ಕೈಯಲ್ಲೇ ಹಿಡಿದುಕೊಂಡರು. “ಅಣ್ಣಾ, ನಾನೂ ಇದೇ ಊರೋಳು. ನನ್ನ ಮುಂದೆ ಹೇಳಿದ್ದು ಪೂರ್ತಿಯಾಗಿದ್ರೆ ಅವತ್ತೇ ನಡೀಬೇಕಿತ್ತು. ನೀವು ಮತ್ತೆ ಮನೆಗೆ ಬರ್ಲಿಲ್ಲ. ಯಂತ್ರಾನೂ ವಾಪಸ್ ತರ್ಲಿಲ್ಲ. ಅಂದ್ರೆ ಅವರು ನನ್ನ ಹಿಂದೆ ಏನೋ ಒಪ್ಪಿಸಿದಾರೆ. ಏನದು?”

ನಾನು ಬಾಯಿ ತೆರೆದಿದ್ದೆ. ಯಾವ ಮಾತು ಬರುತ್ತಿತ್ತೋ ಗೊತ್ತಿಲ್ಲ. ಇಂದುಮತಿ ಕೂತಲ್ಲಿಂದಲೇ, “ಅದನ್ನ ನಾವು ಹೇಳೋ ಹಾಗಿಲ್ಲ ಸಾಕಮ್ಮನೋರೇ,” ಎಂದಳು.

“ಗೊತ್ತು ಕಣವ್ವ. ವಾಡಿಕೆ ಗೊತ್ತು.” ಅವರು ಲೋಟವನ್ನು ಕೆಳಗಿಟ್ಟರು. “ಅವತ್ತು ಬೆಳಿಗ್ಗೆ ಫೋನ್ ಬಂದಿತ್ತು. ನಾನು ಹಿತ್ತಲಲ್ಲಿ ಪಾತ್ರೆ ತೊಳೀತಿದ್ದೆ. ಯಾರದು ಅಂದೆ. ಪಂಪ್‌ಹೌಸಿಂದು ಅಂದ್ರು. ರಿಟೈರಾಗಿ ಒಂದು ವರ್ಷ ಆಗಿತ್ತು ಅವರಿಗೆ, ಪಂಪ್‌ಹೌಸಿನೋರು ಯಾಕೆ ಮಾಡ್ತಾರೆ? ನಾನು ಕೇಳಬಹುದಿತ್ತು. ಆರು ವರ್ಷ ಕೇಳಬಹುದಿತ್ತು. ಕೇಳ್ಲಿಲ್ಲ. ಕೇಳಿದ್ರೆ ಅವರು ಹೇಳಿಬಿಟ್ರೆ ಏನ್ ಮಾಡೋದು ಅಂತ ಭಯ.”

ಅವರು ಎದ್ದು ಮೇಜಿನ ಬಳಿ ಹೋದರು. “ಆರು ವರ್ಷ ಇದು ನಮ್ಮನೇಲಿತ್ತು. ಒಂದಿನಾನೂ ಮುಟ್ಲಿಲ್ಲ ನಾನು. ಅವನ ಕೈಗೆ ಕೊನೇಲಿ ಏನು ತಿಳೀತು ಅಂತ ನನಗೆ ತೋರಿಸ್ತೀಯೇನವ್ವ?”

ಇಂದುಮತಿ ನನ್ನ ಕಡೆ ಮುಖ ತಿರುಗಿಸಿದಳು. ನಾನು ಕುರ್ಚಿ ಎಳೆದುಕೊಟ್ಟೆ. ವಸ್ತು ಈಗ ಇಂದುಮತಿಯದು, ಸಾಕಮ್ಮನವರು ಒಬ್ಬರೇ ಹಿಡಿದರೆ ನಡೆಯುತ್ತಿರಲಿಲ್ಲ. ಹಾಗಾಗಿ ಹಿಡಿಯ ಮೇಲೆ ಅವರ ಕೈ ಇರಿಸಿ, ಅದರ ಮೇಲೆ ಇಂದುಮತಿ ತನ್ನ ಕೈ ಇಟ್ಟಳು. “ಮೇಲೆ ಹೋಗಿ ತೋರಿಸ್ತೀನಿ. ಎತ್ತರದಲ್ಲಿ ಮಾಡಿದ್ರೆ ಏನೂ ಆಗಲ್ಲ. ಹೆದರ್ಬೇಡಿ,” ಎಂದಳು. ತನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ದನಿ ಅದು. ಎಷ್ಟೋ ವರ್ಷದಿಂದ ನಾನು ಕೇಳಿರಲಿಲ್ಲ.

ಏರಿದೆವು. ನಾನು ಓದುತ್ತ ಹೋದೆ. ಮೂರು ಸಾವಿರ, ನಾಲ್ಕು ಸಾವಿರ, ಐದು ಸಾವಿರ. ಸಾಕಮ್ಮನವರು ತೆರೆಯನ್ನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದರು. ಆರು ಸಾವಿರಕ್ಕೆ ಇಂದುಮತಿ ಎಂಜಿನ್ನಿನ ಬಲ ಇಳಿಸಿದಳು, ವಿಮಾನದ ಮೂಗು ಮೇಲೆತ್ತಿ ಹಿಡಿದಳು. ವೇಗ ಎಪ್ಪತ್ತು, ಅರವತ್ತು, ಐವತ್ತೈದು. “ಕೋಲು ಸಡಿಲ ಆಗ್ತಿದೆ ನೋಡಿ,” ಎಂದಳು. ಐವತ್ತು. ಹಿಡಿ ನಡುಗತೊಡಗಿತು. ಮೇಜಿನ ಮೇಲಿದ್ದ ನನ್ನ ಲೋಟವೂ ಸಣ್ಣಗೆ ಸದ್ದು ಮಾಡಿತು. ಸಾಕಮ್ಮನವರ ಬಳೆಗಳು ಅಲುಗಿದವು.

“ಇದಾ?” ಎಂದರು.

“ಇದೇ. ಬೀಳ್ತೀನಿ ಅಂತ ಅದು ಮೊದಲೇ ಹೇಳೋದು ಹೀಗೆ.” ವಿಮಾನ ಒಮ್ಮೆ ಮುಗ್ಗರಿಸಿತು. ಕೋಲಿನಲ್ಲಿ ಜೀವವಿಲ್ಲದಂತಾಯಿತು. ಇಂದುಮತಿ ಇಬ್ಬರ ಕೈಯನ್ನೂ ಸೇರಿಸಿ ಮುಂದಕ್ಕೆ ತಳ್ಳಿದಳು. ಎರಡು ಕ್ಷಣ ಕಳೆದ ಮೇಲೆ ಹಿಡಿ ಮತ್ತೆ ಬಿಗಿಯಾಯಿತು. ಎತ್ತರ ಐದು ಸಾವಿರದ ಆರುನೂರು ಎಂದು ಓದಿದೆ.

ಸಾಕಮ್ಮನವರು ಹಿಡಿಯನ್ನು ಹೆಬ್ಬೆರಳಿಂದ ಒಮ್ಮೆ ಸವರಿದರು. ಆಮೇಲೆ, “ಇಷ್ಟು ಗಟ್ಟಿಯಾಗಿ ಹೇಳುತ್ತಲ್ಲಾ,” ಎಂದರು. “ಇಷ್ಟು ಗಟ್ಟಿಯಾಗಿ ಹೇಳಿದ್ದು ನನ್ನ ಮಗನಿಗೆ ಯಾಕೆ ಕೇಳಿಸ್ಲಿಲ್ಲ?”

ನಾನು ಎತ್ತರ ಓದುವುದನ್ನೂ ಮರೆತೆ. ನಮ್ಮ ಮೌನವನ್ನೇ ಅವರು ಓದಿಕೊಂಡರು.

“ಸರಿ,” ಎಂದರು. “ಹೇಳ್ಬೇಡಿ. ಅವರೇ ಹೇಳ್ಲಿ. ಮೊದ್ಲು ಇದನ್ನ ಕೆಳಗಿಳಿಸವ್ವ. ನನ್ನ ಕೈ ತೆಗೀಬೇಡ. ಪೂರ್ತಿ ಇಳಿಯೋವರೆಗೂ ಹಿಡ್ಕೊಂಡಿರ್ತೀನಿ.”

ಅಂದು ಇಂದುಮತಿ ಇಳಿಸಿದಷ್ಟು ಮೆತ್ತಗೆ ನಾನು ಬೇರೆಂದೂ ಕಂಡಿಲ್ಲ. ನೂರು ಅಡಿ ಎಂದೆ. ಐವತ್ತು. ಇಪ್ಪತ್ತು. ಚಕ್ರ ನೆಲ ಮುಟ್ಟಿದ್ದು ಹಿಡಿಯಲ್ಲಿ ಒಂದು ಸಣ್ಣ ಮಿಡಿತವಾಗಿ ಬಂದು ಹೋಯಿತು. “ಇಳಿದ್ವಾ?” ಎಂದು ಸಾಕಮ್ಮನವರು ಕಣ್ಣು ಮುಚ್ಚಿಕೊಂಡೇ ಕೇಳಿದರು. “ಇಳಿದ್ವಿ,” ಎಂದಳು ಇಂದುಮತಿ. ಎಂಜಿನ್ನು ನಿಂತು, ಮೋಟಾರಿನ ಸದ್ದು ಅಡಗಿದ ಮೇಲೆಯೇ ಅವರು ಕೈ ತೆಗೆದದ್ದು.

ನಾನು ಬೋರಲಿಂಗಯ್ಯನವರಿಗೆ ಫೋನ್ ಮಾಡಿದೆ. ಆಟೋದಲ್ಲಿ ಬಂದರು. ಬಾಗಿಲಲ್ಲಿ ಹೆಂಡತಿಯನ್ನು ಕಂಡು ಅಲ್ಲೇ ನಿಂತರು. ನನ್ನ ಮುಖ ನೋಡಿದರು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ. ನಂಬಿದರೋ ಇಲ್ಲವೋ.

“ಬಂದು ಕೂತ್ಕೊಳ್ಳಿ,” ಎಂದರು ಸಾಕಮ್ಮನವರು. ದನಿ ಏರಿರಲಿಲ್ಲ. “ಹೆಸರೂ ಊರೂ ತಿಳೀದೋರನ್ನ ಪಂಪ್‌ಹೌಸಿನ ಕಟ್ಟೇಲಿ ಕೂರಿಸ್ಕೊಂಡು ಒಪ್ಪಿಸಿದ್ರಿ. ಈ ಆರು ವರ್ಷಾನೂ ನಿಮಗೆ ಅನ್ನ ಹಾಕಿದೀನಿ. ನನಗೂ ಒಪ್ಪಿಸಿ.”

ಪಂಪ್‌ಹೌಸಿನ ಕಟ್ಟೆಯ ವಿಷಯ ಅವರಿಗೆ ಹೇಗೆ ಗೊತ್ತಾಯಿತೆಂದು ನಾನು ಇಂದಿಗೂ ಕೇಳಿಲ್ಲ. ಗಂಡ ಇನ್ನೆಲ್ಲಿ ಕೂತು ಹೇಳಬಲ್ಲ ಎಂಬುದು ಹೆಂಡತಿಗೆ ತಿಳಿಯದೆ ಇರುತ್ತದೆಯೆ. ಬೋರಲಿಂಗಯ್ಯನವರು ಚಪ್ಪಲಿ ಬಿಟ್ಟು ಒಳಗೆ ಬಂದು ಅವರ ಎದುರಿನ ಕುರ್ಚಿಯಲ್ಲಿ ಕೂತರು. ಇಂದುಮತಿ ನನ್ನ ತೋಳು ಹಿಡಿದಳು. ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಜಗಲಿಯ ಮೆಟ್ಟಿಲ ಮೇಲೆ ಕೂತೆವು. ಬಿಸಿಲು ಏರಿತ್ತು. ಎದುರು ಮನೆಯವರು ಹಪ್ಪಳ ಒಣಹಾಕುತ್ತಿದ್ದರು. ಇಂದುಮತಿಗೆ ಆ ಹೊತ್ತಿಗೆ ಅಂಗೈಯಗಲದಷ್ಟು ನೋಟ ಉಳಿದಿತ್ತು. ಅದನ್ನು ಅವಳು ಹಪ್ಪಳದ ಮೇಲೆ ನೆಟ್ಟಿದ್ದಳು. “ಏನಾದ್ರೂ ಕೇಳಿಸ್ತಿದೆಯಾ?” ಎಂದಳು.

“ಅವರ ದನಿ. ಮಾತು ತಿಳೀತಿಲ್ಲ.”

ಆ ದನಿಯೂ ನಿಂತಿತು. ಅಳು ಕೇಳಿಸಬಹುದು, ಬೈಗುಳ ಕೇಳಿಸಬಹುದು ಎಂದು ಕಾದೆವು. ಏನೂ ಇಲ್ಲ. ನೆರಳು ಒಂದು ಮೆಟ್ಟಿಲು ಇಳಿಯುವಷ್ಟು ಹೊತ್ತು ಆ ಮನೆ, ನಮ್ಮದೇ ಮನೆ, ಯಾರೂ ಇಲ್ಲದಂತಿತ್ತು. ನಾನು ಮಾಡಿದ್ದು ಎಂಥ ಕೆಲಸ ಎಂದು ಆಗ ಪೂರ್ತಿ ಅರ್ಥವಾಯಿತು. ಒಬ್ಬಳ ಕೈ ಗಾಳಿ ಮುಟ್ಟಲೆಂದು ಇನ್ನೊಂದು ಮನೆಯ ಕಂಬ ಎಳೆದಿದ್ದೆ. ಇಂದುಮತಿ ನನ್ನ ತೋಳು ಬಿಟ್ಟಿರಲಿಲ್ಲ. ಅದಕ್ಕೆ ನಾನು ಎಂದೂ ಋಣಿ.

ಬಾಗಿಲು ತೆರೆಯಿತು. ಸಾಕಮ್ಮನವರು ಹೊರಗೆ ಬಂದರು. ಕಣ್ಣು ಒಣಗಿತ್ತು, ಮುಖಕ್ಕೆ ಹತ್ತು ವರ್ಷ ಹೆಚ್ಚು ವಯಸ್ಸಾದಂತಿತ್ತು. ನಮ್ಮಿಬ್ಬರನ್ನು ದಾಟಿ ಮೆಟ್ಟಿಲಿಳಿದು, ಬೀದಿಗೆ ಕಾಲಿಟ್ಟು, ಹತ್ತು ಹೆಜ್ಜೆ ಹೋದರು. ಅಲ್ಲಿ ನಿಂತರು. ಬೆನ್ನು ನಮ್ಮ ಕಡೆಗಿತ್ತು. ಅವರು ಯಾವ ಕಡೆ ತಿರುಗುತ್ತಾರೆಂದು ನಾನು ನೋಡುತ್ತಿದ್ದೆ. ಕೊನೆಗೆ ಹಿಂದಿರುಗಿ ಬಂದು ಬಾಗಿಲೊಳಗೆ ಇಣುಕಿದರು.

“ಏಳ್ರೀ,” ಎಂದರು. “ಮನೆಗೆ ಹೋಗಣ.”

ಅವರು ಕುರ್ಚಿ ಬಿಟ್ಟು ಏಳಲಿಲ್ಲ.

“ಕ್ಷಮಿಸೋದು ಗಿಮಿಸೋದು ನನಗೆ ಗೊತ್ತಿಲ್ಲ. ಅದು ಆಗುತ್ತೋ ಇಲ್ವೋ, ಹೇಳಲಾರೆ. ಒಲೆ ಹಚ್ಚಿಲ್ಲ ಇನ್ನೂ. ಏಳಿ.”

ಬೋರಲಿಂಗಯ್ಯನವರು ಹೊರಗೆ ಬಂದು ಬಹಳ ಹೊತ್ತು ತಮ್ಮ ಚಪ್ಪಲಿ ಹುಡುಕಿದರು. ಅವು ಕಾಲ ಮುಂದೆಯೇ ಇದ್ದವು. ಸಾಕಮ್ಮನವರು ಬಗ್ಗಿ ಅವನ್ನು ಅವರ ಪಾದದ ಕಡೆಗೆ ತಿರುಗಿಸಿ ಇಟ್ಟರು.